ಮೂರು ಬೈಟ್‌ಗೆ ನಾಲ್ಕು ಅಕ್ಷರ

ಕನ್ನಡದಲ್ಲಿ ಶೀರ್ಷಿಕೆ ಬರೆದ ಯಾವುದಾದರೂ ಇ-ಮೇಲ್ ತೆರೆದು, ಅದರ ಮೂಲರೂಪ ತೋರಿಸುವ ಆಯ್ಕೆಯನ್ನು ಒತ್ತಿ ನೋಡಿ. ಕನ್ನಡದ ಸಾಲು ಇರಬೇಕಾದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ಸರವೊಂದು ಕಾಣುತ್ತದೆ. ಶೀರ್ಷಿಕೆ ಬರೀ ‘ಬೆಳಗಾವಿ’ ಎಂದಿದ್ದರೆ, ಆ ಸರದಲ್ಲಿ ‘4ಎಲ್‌ಕೆ’ ಎಂಬ ಮೂರರ ಗುಂಪು ಆರು ಸಲ, ‘4ಎಲ್‌ಓ’ ಒಂದು ಸಲ ಬಂದಿರುತ್ತದೆ. ಇದು ಫಾಂಟ್ ಕೆಟ್ಟ ಲಕ್ಷಣವೂ ಅಲ್ಲ, ವೈರಸ್ಸೂ ಅಲ್ಲ. ಬೇಸ್64 ಎಂಬ ವಿಧಾನದ ಕೈಗುರುತು.

ಇ-ಮೇಲ್ ಸಾಗಿಸುವ ನಿಯಮಾವಳಿ 1982ರಲ್ಲಿ ರೂಪುಗೊಂಡಾಗ ಅದು ಒಪ್ಪಿಕೊಂಡದ್ದು ಆಸ್ಕಿ ಎಂಬ ಸಂಕೇತಪಟ್ಟಿಯನ್ನು ಮಾತ್ರ. ಆ ಪಟ್ಟಿಯಲ್ಲಿ ಇರುವುದು 128 ಚಿಹ್ನೆ, ಅವುಗಳಿಗೆ ಏಳು ಬಿಟ್, ಅಂದರೆ 0 ಅಥವಾ 1 ಕೂರುವ ಏಳು ಸ್ಥಾನ, ಸಾಕು. ಒಂದು ಬೈಟ್‌ನಲ್ಲಿ ಎಂಟು ಬಿಟ್ ಇದ್ದರೂ ಎಂಟನೆಯದನ್ನು ಸೊನ್ನೆ ಮಾಡಿಯೇ ಕಳಿಸಬೇಕೆಂದು ನಿಯಮವಿತ್ತು. ಇಂಗ್ಲಿಷ್ ಪತ್ರಕ್ಕೆ ಇದರಿಂದ ಏನೂ ಆಗದು. ಆದರೆ ಫೋಟೋ, ಹಾಡು, ಪ್ರೋಗ್ರಾಮ್‌ಗಳಲ್ಲಿ ಎಂಟೂ ಬಿಟ್‌ಗಳಿಗೆ ಕೆಲಸವಿರುತ್ತದೆ. ಕನ್ನಡಕ್ಕೂ ಅಷ್ಟೇ. ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್ ಬೇಕು, ಮೂರರಲ್ಲೂ ಎಂಟನೇ ಬಿಟ್‌ನ ಬೆಲೆ 1. ಆ ಬಿಟ್ ಕಿತ್ತುಕೊಂಡರೆ ‘ಕ’ ಹೋಗಿ ಒಂದು ತಿರುಗಿದ ಉದ್ಧರಣ ಚಿಹ್ನೆ, ಒಂದು ಎರಡರ ಅಂಕಿ, ಕಣ್ಣಿಗೆ ಕಾಣದ ಒಂದು ನಿಯಂತ್ರಣ ಸಂಕೇತ ಉಳಿಯುತ್ತವೆ. ನಾವು ಪಠ್ಯ ಎಂದುಕೊಂಡದ್ದು ಆ ಹಳೆಯ ದಾರಿಯ ಪಾಲಿಗೆ ಪಠ್ಯವೇ ಅಲ್ಲ. ಮದುವೆಯ ಫೋಟೋ ಎಷ್ಟು ಪರಕೀಯವೋ ವಚನದ ಸಾಲೂ ಅಷ್ಟೇ ಪರಕೀಯ.

ವಿಜಯಪುರ, ಬಾಗಲಕೋಟೆಯ ಹಳಬರಿಗೆ ಈ ತೊಂದರೆ ಬಿಡಿಸಿ ಹೇಳಬೇಕಿಲ್ಲ. ಗದಗದಿಂದ ಹೋಟಗಿಗೆ ಹೋಗುತ್ತಿದ್ದ ಮೀಟರ್‌ಗೇಜ್ ದಾರಿ ಹೋಟಗಿಯಲ್ಲಿ ಬ್ರಾಡ್‌ಗೇಜ್‌ಗೆ ಮುಟ್ಟುತ್ತಿತ್ತು. ಹಳಿಯ ಅಗಲ ಬೇರೆಯಾದ್ದರಿಂದ ಡಬ್ಬಿ ಮುಂದೆ ಹೋಗುವಂತಿರಲಿಲ್ಲ, ಒಳಗಿನ ಮಾಲನ್ನೇ ಇಳಿಸಿ ಇನ್ನೊಂದು ಡಬ್ಬಿಗೆ ತುಂಬಬೇಕಿತ್ತು. ಮಾಲು ಅದೇ, ಡಬ್ಬಿ ಬೇರೆ. ಕಂಪ್ಯೂಟರಿನವರು ಮಾಡಿದ್ದೂ ಇದನ್ನೇ: ಅಗಲವಾದ ಮೂರು ಡಬ್ಬಿಯ ಮಾಲನ್ನು ಕಿರಿದಾದ ನಾಲ್ಕು ಡಬ್ಬಿಗೆ ತುಂಬಿದರು.

ಈ ಕೆಲಸಕ್ಕೆ ಮೊದಲು ಹೆಸರಾದ ಸಾಧನ ಯುಯುಎನ್‌ಕೋಡ್. 1980ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೇರಿ ಆ್ಯನ್ ಹಾರ್ಟನ್ ಬರೆದದ್ದು. ಮೂರು ಬೈಟ್ ಎಂದರೆ 24 ಬಿಟ್. ಅದನ್ನು ಆರಾರು ಬಿಟ್‌ಗಳ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಬೆಲೆಗೆ 32 ಕೂಡಿಸಿದರೆ ಅಚ್ಚಾಗಬಲ್ಲ ಒಂದು ಆಸ್ಕಿ ಚಿಹ್ನೆ ಸಿಗುತ್ತದೆ. ಸಾಲಿನಲ್ಲಿ ಎಷ್ಟು ಬೈಟ್ ಇದೆ ಎಂಬುದನ್ನೂ ಹೀಗೆಯೇ 32 ಕೂಡಿಸಿ ಮೊದಲ ಚಿಹ್ನೆಯಾಗಿ ಬರೆಯುತ್ತಾರೆ. ತುಂಬಿದ ಸಾಲಿನಲ್ಲಿ 45 ಬೈಟ್, 45ಕ್ಕೆ 32 ಕೂಡಿಸಿದರೆ 77, ಅದು ದೊಡ್ಡ ‘ಎಮ್’. ಹಾಗಾಗಿ ಹಳೆಯ ಯುಯುಎನ್‌ಕೋಡ್ ಕಡತಗಳಲ್ಲಿ ಎಡದಂಚಿನುದ್ದಕ್ಕೂ ಎಮ್ ಎಮ್ ಎಮ್ ಎಂದು ಸಾಲುಗಟ್ಟಿರುತ್ತದೆ. ಚೆಂದದ ಉಪಾಯ, ಆದರೆ ಸೊನ್ನೆಗೆ ಸಿಗುವ ಚಿಹ್ನೆ ಖಾಲಿ ಜಾಗ. ಸಾಲಿನ ಕೊನೆಯ ಖಾಲಿ ಜಾಗವನ್ನು ಕೆಲವು ಮೇಲ್ ಯಂತ್ರಗಳು ಕಸವೆಂದು ಕತ್ತರಿಸಿಬಿಡುತ್ತಿದ್ದವು. ಸಂಕೇತಪಟ್ಟಿಯೇ ಬೇರೆಯಾದ ಐಬಿಎಂನ ದೊಡ್ಡ ಯಂತ್ರಗಳನ್ನು ದಾಟುವಾಗ ಕೆಲವು ಚಿಹ್ನೆ ಅದಲುಬದಲಾಗುತ್ತಿದ್ದವು.

ಬೇಸ್64 ಈ ಗಾಯಗಳಿಂದ ಕಲಿತದ್ದು. 26 ದೊಡ್ಡಕ್ಷರ, 26 ಚಿಕ್ಕಕ್ಷರ, ಹತ್ತು ಅಂಕಿ, ಕೂಡುವ ಚಿಹ್ನೆ, ಓರೆಗೆರೆ: ಒಟ್ಟು 64, ಆರು ಬಿಟ್‌ಗಳ ತುಂಡಿಗೆ ಬರಬಹುದಾದ ಬೆಲೆಗಳೂ ಅಷ್ಟೇ. ಎಲ್ಲ ಬಗೆಯ ಯಂತ್ರಗಳೂ ಒಂದೇ ರೀತಿ ಓದುವ ಚಿಹ್ನೆಗಳನ್ನೇ ಆರಿಸಿದರು. ಪಠ್ಯವಲ್ಲದ ಕಡತಗಳನ್ನೂ ಪತ್ರದೊಂದಿಗೆ ಕಳಿಸಲು 1992ರಲ್ಲಿ ಬಂದ ಮೈಮ್ ನಿಯಮಗಳ ಜೊತೆ ಅದು ಇ-ಮೇಲ್‌ಗೆ ಹೊಕ್ಕಿತು, ಇಂದಿಗೂ ಅಲ್ಲಿದೆ.

ಲಿನಕ್ಸ್ ಇರುವ ಯಾವುದೇ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಎಕೋ ಆದೇಶದಿಂದ ‘ಕ’ ಅಕ್ಷರವನ್ನು ಬೇಸ್64 ಸಾಧನಕ್ಕೆ ದಾಟಿಸಿದರೆ ಬರುವ ಉತ್ತರ: 4, ಎಲ್, ಕೆ, ವಿ, ಸಿ, ಚಿಕ್ಕ ಜಿ, ಆಮೇಲೆ ಎರಡು ಸಮ ಚಿಹ್ನೆ. ಮೊದಲ ನಾಲ್ಕೇ ‘ಕ’. ಉಳಿದದ್ದು ಎಕೋ ತಾನಾಗಿ ಸೇರಿಸಿದ ಸಾಲಿನ ಅಂತ್ಯ. ಅದು ಒಂದೇ ಬೈಟ್, ಮೂರರ ಗುಂಪಿಗೆ ಎರಡು ಕಡಿಮೆ ಬಿತ್ತು, ಆ ಎರಡಕ್ಕೆ ಎರಡು ಸಮ ಚಿಹ್ನೆ. ಕನ್ನಡದ ಸಂಕೇತಗಳೆಲ್ಲ, ಸ್ವರಚಿಹ್ನೆಗಳೂ ಸೇರಿ, ತಲಾ ಮೂರು ಬೈಟ್. ಹಾಗಾಗಿ ಒಂದೊಂದೂ ಚೊಕ್ಕವಾಗಿ ನಾಲ್ಕು ಅಕ್ಷರವಾಗುತ್ತದೆ. ಎಲ್ಲ ಲಿಪಿಗಳ ಸಂಕೇತಪಟ್ಟಿಯಾದ ಯುನಿಕೋಡ್‌ನ ಕನ್ನಡ ವಿಭಾಗದ ಮೊದಲರ್ಧಕ್ಕೆ ‘4ಎಲ್‌ಕೆ’, ಎರಡನೆಯ ಅರ್ಧಕ್ಕೆ ‘4ಎಲ್‌ಓ’. ‘ಬೆಳಗಾವಿ’ಯಲ್ಲಿ ಎರಡನೆಯ ಅರ್ಧಕ್ಕೆ ಸೇರಿದ್ದು ಬ-ಕಾರದ ಏತ್ವವೊಂದೇ. ನಡುವೆ ಖಾಲಿ ಜಾಗ ಬಂತೋ, ಜೋಡಣೆ ಒಂದು ಬೈಟ್ ಸರಿದು ಮಾದರಿಯೇ ಬೇರೆಯಾಗುತ್ತದೆ.

ಬೆಲೆ ತೆರಬೇಕಾದ್ದು ಗಾತ್ರದಲ್ಲಿ. ಮೂರಕ್ಕೆ ನಾಲ್ಕು ಎಂದರೆ ಮೂರನೇ ಒಂದರಷ್ಟು ಹೆಚ್ಚು, ಮೇಲ್‌ನಲ್ಲಿ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುವುದರಿಂದ ಇನ್ನಷ್ಟು. 18 ಎಂಬಿಯ ಲಗ್ನಪತ್ರಿಕೆ ವಿಡಿಯೋ ಹೊರಡುವ ಹೊತ್ತಿಗೆ 24 ಎಂಬಿ ದಾಟಿರುತ್ತದೆ.

ಬೈಟ್‌ಗಳನ್ನು ಕಳಿಸುವುದಲ್ಲ, ಬಿಚ್ಚಿ ನೋಡುವುದೇ ಉದ್ದೇಶವಾದರೆ ಎಕ್ಸ್‌ಎಕ್ಸ್‌ಡಿ ಎಂಬ ಸಾಧನ ಬೇಕು. ವಿಮ್ ಎಡಿಟರ್ ಜೊತೆ ಬರುವ ಇದು ಸಾಲಿಗೆ 16 ಬೈಟ್‌ನಂತೆ ಎಡಕ್ಕೆ ಸ್ಥಾನ, ನಡುವೆ ಹದಿನಾರರ ಮೂಲದ ಅಂಕಿ, ಬಲಕ್ಕೆ ಓದಬಲ್ಲ ಅಕ್ಷರ ತೋರಿಸುತ್ತದೆ. ನನಗೆ ಇದೇ ಹೆಚ್ಚು ಇಷ್ಟ, ಯಾಕೆಂದರೆ ಇದರಲ್ಲಿ ಕೈ ಹಾಕಿ ತಿದ್ದಬಹುದು. ನಡುವಿನ ಅಂಕಿ ಬದಲಿಸಿ, ಆರ್ ಎಂಬ ಸೂಚನೆಯೊಂದಿಗೆ ಮರಳಿ ಓಡಿಸಿದರೆ ತಿದ್ದಿದ ಬೈನರಿ ಕಡತ ಸಿದ್ಧ. ಬಲಬದಿಯ ಅಕ್ಷರಗಳನ್ನು ತಿದ್ದಿದರೆ ಮಾತ್ರ ಏನೂ ಆಗುವುದಿಲ್ಲ, ವಾಪಸ್ ಬರುವಾಗ ಅದು ಆ ಕಡೆ ನೋಡುವುದೇ ಇಲ್ಲ.

ಬಾಗಲಕೋಟೆಯ ಇಂಜಿನಿಯರಿಂಗ್ ಹುಡುಗನೊಬ್ಬ ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ತೆರೆದು, ಪರದೆ ತುಂಬ ಹರಡಿದ ಅಕ್ಷರರಾಶಿ ತೋರಿಸಿ ಕೇಳಿದ್ದ: “ಸರ, ಫೋಟೋಕ್ಕ ಲಾಕ್ ಹಾಕ್ಯಾರೇನ್ರಿ?” ಲಾಕ್ ಇದ್ದದ್ದು ಹೊರಗಿನ ಜಿಪ್‌ಗೆ, ಡೌನ್‌ಲೋಡ್ ಮಾಡುವಾಗ ನಾವೇ ಕೊಡುವ ಶೇರ್ ಕೋಡ್. ಒಳಗಿನ ಫೋಟೋ ಬರೀ ಬೇಸ್64. ಬೇಸ್64 ಸಾಧನಕ್ಕೆ ‘ಡಿ’ ಎಂಬ ಸೂಚನೆ ಕೊಟ್ಟರೆ ಮುಖ ಎದುರಿಗೆ ಬರುತ್ತದೆ, ಪಾಸ್‌ವರ್ಡ್ ಯಾರೂ ಕೇಳುವುದಿಲ್ಲ. ಪಾಸ್‌ವರ್ಡನ್ನೇ ಬೇಸ್64 ಮಾಡಿ ‘ಭದ್ರ ಮಾಡಿದ್ದೇವೆ’ ಎನ್ನುವವರೂ ಇದ್ದಾರೆ, ಅವರ ಪ್ರೋಗ್ರಾಮ್ ನಂಬಬೇಡಿ ಎಂದೇ ನಾನು ಹೇಳುವುದು.

ಬಿಚ್ಚಿ ನೋಡಲು ಅಪರಿಚಿತ ಜಾಲತಾಣಗಳಿಗೆ ಇಂಥ ಕಡತ ಏರಿಸುವ ಅಗತ್ಯವೂ ಇಲ್ಲ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಮೊದಲೇ ಇರುತ್ತದೆ, ಎನ್‌ಕೋಡ್, ಡಿಕೋಡ್ ಎರಡೂ ಮಾಡುತ್ತದೆ. ಅದು ಮೂಲತಃ ಡಿಜಿಟಲ್ ಪ್ರಮಾಣಪತ್ರಗಳಿಗಾಗಿ ಇರುವುದರಿಂದ, ನೀವು ಕೊಟ್ಟದ್ದು ಗೋಲಗುಮ್ಮಟದ ಫೋಟೋ ಆದರೂ ತಲೆಯ ಮೇಲೆ ‘ಪ್ರಮಾಣಪತ್ರ ಆರಂಭ’ ಎಂದು ಇಂಗ್ಲಿಷಿನಲ್ಲಿ ಬರೆದೇ ಕೊಡುತ್ತದೆ.