ಪರೀಕ್ಷೆ ಮಾಡುವವರೇ ಕಿವಿ ಮಷೀನ್ ಮಾರಿದರೆ ನಂಬೋದು ಹೇಗೆ?

ಓದುಗರ ಪ್ರಶ್ನೆ: ನಮ್ಮ ತಂದೆಗೆ 72 ವರ್ಷ. ಕಿವಿ ಮಂದ ಆಗಿದೆ ಅಂತ ಪರೀಕ್ಷೆಗೆ ಕರೆದುಕೊಂಡು ಹೋದೆವು. ಎರಡೂ ಕಿವಿಗೆ ಹಿಯರಿಂಗ್ ಏಡ್ ಬೇಕು, ಅದರಲ್ಲೂ ಮೇಲಿನ ದರ್ಜೆಯದ್ದೇ ಆಗಬೇಕು ಅಂದರು. ಪರೀಕ್ಷೆ ಮಾಡಿದವರೂ ಅವರೇ, ಮಾರುವವರೂ ಅವರೇ. ಅವರು ತಂದೆಯ ಕಿವಿ ನೋಡಿ ಹೇಳಿದರೋ, ವ್ಯಾಪಾರ ನೋಡಿ ಹೇಳಿದರೋ ಅಂತ ತಿಳಿಯೋದು ಹೇಗೆ?

ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಕೇಳುವವರು ಸ್ವಲ್ಪ ಹಿಂಜರಿಯುತ್ತಾ ಕೇಳುತ್ತಾರೆ, ಯಾಕೆಂದರೆ ನಾನೂ ಇದೇ ಕೆಲಸದವಳು. ಹಿಂಜರಿಯಬೇಡಿ. ನಿಮ್ಮ ಅನುಮಾನದಲ್ಲಿ ನ್ಯಾಯ ಇದೆ.

ನಮ್ಮ ವೃತ್ತಿಗೂ ತನ್ನ ಮೇಲೆ ಇದೇ ಅನುಮಾನ ಇತ್ತು. ಅಮೆರಿಕದಲ್ಲಿ ಮಾತು ಮತ್ತು ಶ್ರವಣ ತಜ್ಞರ ದೊಡ್ಡ ಸಂಘ 1970ರ ದಶಕದ ಕೊನೆಯವರೆಗೂ, ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್‌ಗಳು ಲಾಭಕ್ಕಾಗಿ ಹಿಯರಿಂಗ್ ಏಡ್ ಮಾರುವುದು ನೀತಿಗೆ ವಿರುದ್ಧ ಅಂತಲೇ ಹೇಳುತ್ತಿತ್ತು. ಪರೀಕ್ಷೆ ಒಬ್ಬರು ಮಾಡಲಿ, ಮಾರಾಟ ಇನ್ನೊಬ್ಬರು ಮಾಡಲಿ ಅನ್ನುವ ಲೆಕ್ಕ. ಆಮೇಲೆ ಆ ನಿಯಮ ಹೋಯಿತು. ಹೋಗಿದ್ದರಿಂದ ಒಳ್ಳೆಯದೂ ಆಯಿತು ಅನ್ನುವವಳು ನಾನು. ಮಷೀನ್ ಕೈಗೆ ಬಂದ ದಿನವೇ ಕೆಲಸ ಮುಗಿಯುವುದಿಲ್ಲ. ಎರಡು ವಾರ ಹಾಕಿಕೊಂಡು ಓಡಾಡಿದ ಮೇಲೆ "ತಟ್ಟೆ ಸದ್ದು ಕಿವಿಗೆ ಚುಚ್ಚತ್ತೆ, ಮೊಮ್ಮಗಳ ಮಾತು ಇನ್ನೂ ಸರಿಯಾಗಿ ಸಿಗಲ್ಲ" ಅಂತ ಬರುತ್ತಾರಲ್ಲ, ಆಗ ಅವರ ಕಿವಿಯನ್ನು ಮೊದಲಿಂದ ಬಲ್ಲವರೇ ಕೂತು ಹೊಂದಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ.

ಹಾಗಾಗಿ ಮಾರುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ದೂರ ಇಡಬೇಡಿ. ಬೇರೆ ಒಂದನ್ನು ಗಮನಿಸಿ. ನಿಜ ಹೇಳಿದರೆ ವ್ಯಾಪಾರ ತಪ್ಪಿಹೋಗುತ್ತದೆ ಅನ್ನುವ ಜಾಗಗಳು ಈ ಕೆಲಸದಲ್ಲಿ ಬೇಕಾದಷ್ಟು ಬರುತ್ತವೆ. ಅಲ್ಲಿ ಅವರು ಏನು ಮಾಡುತ್ತಾರೆ?

ಮೊದಲನೇ ಜಾಗ, ಪರೀಕ್ಷೆಗೂ ಮುಂಚೆ. ದೀಪ ಇರುವ ಆಟೋಸ್ಕೋಪ್ ಹಿಡಿದು ಕಿವಿಯ ಒಳಗೆ ನೋಡಬೇಕು. ಗುಗ್ಗೆ ಗಟ್ಟಿಯಾಗಿ ಕೂತು ದಾರಿ ಮುಚ್ಚಿಕೊಂಡಿದ್ದರೆ ಅಷ್ಟಕ್ಕೇ ಕಿವಿ ಮಂದ ಆಗಬಹುದು. ಅದನ್ನು ತೆಗೆಸಿದ ಮೇಲೆ ಎಷ್ಟೋ ಜನ "ಅಯ್ಯೋ, ಇಷ್ಟೇನಾ!" ಅಂತ ನಗುತ್ತಾ ಹೋಗುತ್ತಾರೆ. ಒಳಗೆ ನೋಡದೇ ಹೆಡ್‌ಫೋನ್ ಹಾಕಿದರೆ, ಅಲ್ಲೇ ಏನೋ ತಪ್ಪಿದೆ ಅಂತ ತಿಳಿಯಿರಿ.

ಇನ್ನು ಕೆಲವು ಲಕ್ಷಣಗಳಿದ್ದರೆ ಮಷೀನಿನ ಮಾತೇ ಎತ್ತಬಾರದು, ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಬೇಕು. ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 1977ರಲ್ಲೇ ಇವುಗಳ ಪಟ್ಟಿ ಮಾಡಿತ್ತು, ನಾವೆಲ್ಲ ಕಲಿಯುವಾಗ ಬಾಯಿಪಾಠ ಮಾಡುವ ಪಟ್ಟಿ ಅದು. ಕಳೆದ 90 ದಿನಗಳಲ್ಲಿ ಕಿವಿ ಸೋರಿದ್ದು. ಇದ್ದಕ್ಕಿದ್ದಂತೆ, ಅಥವಾ ಬಹಳ ಬೇಗ ಬೇಗ ಕೇಳಿಸುವುದು ಕಡಿಮೆಯಾಗಿದ್ದು. ಈಚೆಗೆ ಒಂದೇ ಕಿವಿ ಮಂದವಾಗಿದ್ದು. ತಲೆಸುತ್ತು, ಕಿವಿನೋವು. ಹೆಡ್‌ಫೋನ್‌ನಲ್ಲಿ ಕೇಳಿಸುವುದಕ್ಕೂ ಕಿವಿ ಹಿಂದಿನ ಮೂಳೆಗೆ ಕಂಪನ ಕೊಟ್ಟಾಗ ಕೇಳಿಸುವುದಕ್ಕೂ 15 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಅಂತರ ಬಂದಿದ್ದು. ಈ ಕೊನೆಯದು ನಮ್ಮ ಕಣ್ಣಿಗೆ ಮಾತ್ರ ಕಾಣುವಂಥದ್ದು. ತೊಂದರೆ ಒಳಗಿವಿಯ ನರದ ಕಡೆ ಇಲ್ಲದೆ ತಮಟೆಯಲ್ಲೋ ಅದರ ಹಿಂದಿನ ಚಿಕ್ಕ ಮೂಳೆಗಳಲ್ಲೋ ಇರಬಹುದು, ಅದಕ್ಕೆ ಔಷಧಿಯೋ ಆಪರೇಷನ್ನೋ ಇರಬಹುದು ಅಂತ ಅದು ಹೇಳುತ್ತದೆ.

ಇದರಲ್ಲಿ ಒಂದು ಮಾತ್ರ ಒತ್ತಿ ಹೇಳಬೇಕು. ಯಾರೋ ಬಂದು "ಮೂರು ದಿನದಿಂದ ಬಲಗಿವಿ ಮುಚ್ಚಿದ ಹಾಗಿದೆ, ಗುಂಯ್ ಅನ್ನತ್ತೆ" ಅಂತಾರೆ. ಪರೀಕ್ಷೆ ಮಾಡಿದರೆ ಒಂದೇ ಕಿವಿಯ ಕೇಳುವ ಶಕ್ತಿ ಒಮ್ಮೆಲೇ ಕೆಳಗೆ ಬಿದ್ದಿರುತ್ತದೆ. ಇದು ತುರ್ತು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರದೊಳಗೆ, ಅದೂ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಆ ಹೊತ್ತಿನಲ್ಲಿ "ಒಂದು ತಿಂಗಳು ಮಷೀನ್ ಹಾಕಿ ನೋಡೋಣ" ಅಂದವರು ಆ ಮನುಷ್ಯನ ಕಿವಿ ಉಳಿಯುವ ಅವಕಾಶವನ್ನೇ ಕಿತ್ತುಕೊಂಡ ಹಾಗೆ. ನನ್ನ ಪ್ರಕಾರ ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಎರಡನೆಯದು ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ಫಲಿತಾಂಶ ಬರೆದ ನಕ್ಷೆ. ಅದನ್ನು ನಿಮ್ಮ ಮುಂದೆ ಇಟ್ಟು ಓದಿ ಹೇಳಿದರಾ? ಕಷ್ಟದ ಕಾಗದ ಏನಲ್ಲ. ಎಡದಿಂದ ಬಲಕ್ಕೆ ದಪ್ಪ ಧ್ವನಿಯಿಂದ ಕೀಚಲು ಧ್ವನಿ, ಮೇಲಿಂದ ಕೆಳಕ್ಕೆ ಸಣ್ಣ ಸದ್ದಿನಿಂದ ಜೋರು ಸದ್ದು. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಿಸು ಚಿಹ್ನೆ ಎಡಗಿವಿ. ಗುರುತು ಕೆಳಗಿಳಿದಷ್ಟೂ ಕಿವಿ ಮಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡರಲ್ಲಿ ಹೆಚ್ಚು ಚೆನ್ನಾಗಿ ಕೇಳಿಸುವ ಕಿವಿಯ ಸರಾಸರಿ 20ರಿಂದ 35 ಡೆಸಿಬೆಲ್ ಒಳಗಿದ್ದರೆ ಅಲ್ಪ ಮಂದ, 35ರಿಂದ 50 ಮಧ್ಯಮ, ಹೀಗೆ ಮುಂದಕ್ಕೆ ಹೋಗುತ್ತದೆ. ಅಲ್ಪ ಮಂದ ಇರುವವರಲ್ಲಿ ಕೆಲವರಿಗೆ ಮಷೀನಿನಿಂದ ನಿಜವಾಗಿ ಉಪಯೋಗ ಆಗುತ್ತದೆ. ಕೆಲವರಿಗೆ ದಿನದ ಬದುಕಿನಲ್ಲಿ ಏನೂ ತೊಡಕೇ ಇರುವುದಿಲ್ಲ. ಅಂಥವರಿಗೆ "ಈಗ ಬೇಡ, ಒಂದು ವರ್ಷ ಬಿಟ್ಟು ಬನ್ನಿ" ಅನ್ನಬೇಕು. ಈ ಮಾತು ಬಾಯಿಂದ ಬರುವವರು ನಂಬಿಕೆಗೆ ಅರ್ಹರು.

ಬೀಪ್ ಸದ್ದಿನ ಪರೀಕ್ಷೆ ಒಂದೇ ಸಾಲದು, ಮಾತು ಎಷ್ಟು ಅರ್ಥವಾಗುತ್ತದೆ ಅನ್ನುವ ಪರೀಕ್ಷೆಯೂ ಬೇಕು. ನಿಮ್ಮ "ಎರಡೂ ಕಿವಿಗೆ ಯಾಕೆ" ಅನ್ನುವ ಸಂದೇಹಕ್ಕೆ ಉತ್ತರ ಅಲ್ಲೇ ಇದೆ. ಎರಡೂ ಕಿವಿ ಮಂದ ಇದ್ದವರಿಗೆ ಸಾಮಾನ್ಯವಾಗಿ ಎರಡು ಮಷೀನ್ ಒಳ್ಳೆಯದೇ. ಸದ್ದು ಯಾವ ಕಡೆಯಿಂದ ಬಂತು ಅಂತ ತಿಳಿಯುತ್ತದೆ, ಗದ್ದಲದಲ್ಲಿ ಮಾತು ಹಿಡಿಯುವುದು ಸುಲಭ ಆಗುತ್ತದೆ. ಆದರೆ ಒಂದು ಕಿವಿಯಲ್ಲಿ ಸದ್ದು ಕೇಳಿಸಿದರೂ ಮಾತು ಬರೀ ಕಲಸುಮೇಲೋಗರ ಆಗುತ್ತಿದ್ದರೆ, ಅಲ್ಲಿಗೆ ಮಷೀನ್ ಹಾಕಿ ಜೋರು ಮಾಡಿದರೆ ಕಲಸಿದ್ದೇ ಜೋರಾಗಿ ಕೇಳುತ್ತದೆ ಅಷ್ಟೇ. ನಿಮ್ಮ ತಂದೆಗೆ ಎರಡು ಬೇಕು ಅಂದಿದ್ದು ಸರಿಯೇ ಇರಬಹುದು. ಕಾರಣ ಹೇಳಿದರಾ ಅನ್ನುವುದು ಮುಖ್ಯ.

ಈಗ ದರ್ಜೆ. ಮೇಲಿನ ದರ್ಜೆಯದಕ್ಕೂ ಕೆಳಗಿನದಕ್ಕೂ ವ್ಯತ್ಯಾಸ ಇಲ್ಲ ಅಂತ ನಾನು ಹೇಳಲ್ಲ. ಗದ್ದಲ ತಗ್ಗಿಸುವ ರೀತಿ, ಎದುರಿನವರ ಕಡೆ ಮೈಕ್ ತಿರುಗಿಸಿಕೊಳ್ಳುವ ಜಾಣತನ, ಫೋನ್ ಜೊತೆ ಸೇರಿಕೊಳ್ಳುವುದು, ಇದರಲ್ಲೆಲ್ಲ ವ್ಯತ್ಯಾಸ ಇದೆ. ದಿನಾ ಮೀಟಿಂಗು, ಹತ್ತು ಜನರ ನಡುವೆ ಮಾತು ಇರುವವರಿಗೆ ಅದು ಬೇಕಾಗಬಹುದು. ಮನೆಯಲ್ಲಿ ಒಬ್ಬರಿಬ್ಬರ ಜೊತೆ ಮಾತಾಡಿಕೊಂಡು, ಸಂಜೆ ಟಿವಿ ನೋಡುವವರಿಗೆ ಅದರ ಬಹುಪಾಲು ಸುಮ್ನೆ ಒಳಗೇ ಉಳಿಯುತ್ತದೆ. ಆದ್ದರಿಂದ ಬೆಲೆಪಟ್ಟಿ ತೆಗೆಯುವ ಮುಂಚೆ "ನಿಮ್ಮ ದಿನ ಹೇಗೆ ಹೋಗತ್ತೆ, ಯಾರ ಮಾತು ಕೇಳಿಸಬೇಕು ಅಂತ ಆಸೆ" ಅಂತ ಕೇಳಿದರೋ ಇಲ್ಲವೋ ನೆನಪು ಮಾಡಿಕೊಳ್ಳಿ. ಕೇಳದೇ ಮೇಲಿನದ್ದೇ ಬೇಕು ಅಂದಿದ್ದರೆ, ಯಾವ ಆಧಾರದ ಮೇಲೆ ಅಂದರು?

ನೇರವಾಗಿ ಕೇಳಬಹುದಾದ ಇನ್ನೊಂದು ಪ್ರಶ್ನೆ: ನಿಮಗೆ ಮಾರಾಟದ ಮೇಲೆ ಕಮಿಷನ್ ಇದೆಯಾ? ಒಂದೇ ಕಂಪನಿಯದ್ದು ಇಟ್ಟಿದ್ದೀರಾ? ಇದೆ ಅಂತ ಒಪ್ಪಿಕೊಂಡರೆ ಅದೇನೂ ಅಪರಾಧ ಅಲ್ಲ, ಮುಚ್ಚಿಡುವುದು ತಪ್ಪು. ಕಂಪನಿಯವರು ಕೊಡುವ ಉಡುಗೊರೆ, ಪ್ರವಾಸ, ಇಷ್ಟು ಮಾರಿದರೆ ಇಷ್ಟು ಅನ್ನುವ ಗುರಿ, ಇವೆಲ್ಲ ಮನಸ್ಸನ್ನು ನಮಗೇ ಗೊತ್ತಾಗದ ಹಾಗೆ ವಾಲಿಸುತ್ತವೆ. ಹಾಗೆಯೇ ಕೆಲವು ಮಷೀನ್‌ಗಳ ಸಾಫ್ಟ್‌ವೇರ್‌ಗೆ ಬೀಗ ಇರುತ್ತದೆ. ಬೇರೆ ಕಡೆ ಹೋದರೆ ಹೊಂದಿಸಲು ಬರುವುದಿಲ್ಲ. ಇದನ್ನು ದುಡ್ಡು ಕೊಡುವ ಮೊದಲೇ ಹೇಳಬೇಕು, ಆಮೇಲೆ ಗೊತ್ತಾಗುವಂತೆ ಬಿಡಬಾರದು.

ಈಗ ನನಗೆ ತುಂಬ ಹತ್ತಿರದ ವಿಷಯ. ಮಷೀನನ್ನು ಕಂಪ್ಯೂಟರಿಗೆ ಜೋಡಿಸಿ ಆಡಿಯೋಗ್ರಾಮ್ ತುಂಬಿ ಒಂದು ಬಟನ್ ಒತ್ತಿದರೆ, ಕಂಪನಿಯ ಅಂದಾಜಿನ ಪ್ರಕಾರ ಸದ್ದು ಹೊಂದಿಕೊಳ್ಳುತ್ತದೆ. ಐದೇ ನಿಮಿಷ. ಎಷ್ಟೋ ಕಡೆ ಅಷ್ಟಕ್ಕೇ ನಿಲ್ಲಿಸುತ್ತಾರೆ. ಆದರೆ ಒಬ್ಬೊಬ್ಬರ ಕಿವಿಯ ಒಳದಾರಿ ಒಂದೊಂದು ಅಳತೆ. ಅದೇ ಮಷೀನ್ ಚಿಕ್ಕ ಕಿವಿಯಲ್ಲಿ ಜಾಸ್ತಿ ಸದ್ದು ಕೊಡುತ್ತದೆ, ದೊಡ್ಡದರಲ್ಲಿ ಕಡಿಮೆ. ಹಾಗಾಗಿ ಅಳೆದೇ ನೋಡಬೇಕು. ಸುಮಾರು ಒಂದು ಮಿಲಿಮೀಟರ್ ದಪ್ಪದ ಮೆತ್ತನೆ ನಳಿಕೆಯನ್ನು ತಮಟೆಯ ಹತ್ತಿರದವರೆಗೆ ಮೆಲ್ಲಗೆ ಇಳಿಸುತ್ತೇವೆ. ಅದರ ಮೇಲೆ ಮಷೀನ್ ಹಾಕಿ, ಎದುರಿನ ಸ್ಪೀಕರ್‌ನಲ್ಲಿ ಮಾತು ಬಿಡುತ್ತೇವೆ. ಪರದೆಯಲ್ಲಿ ಎರಡು ಗೆರೆ ಬರುತ್ತದೆ: ಈ ಕಿವಿಗೆ ಎಷ್ಟು ಸದ್ದು ಸಿಗಬೇಕಿತ್ತು, ನಿಜಕ್ಕೂ ಎಷ್ಟು ಸಿಗುತ್ತಿದೆ. ಎಷ್ಟು ಸಿಗಬೇಕು ಅನ್ನುವ ಲೆಕ್ಕ ಆಸ್ಟ್ರೇಲಿಯಾದಲ್ಲಿ ರೂಪಿಸಿದ ಎನ್‌ಎಎಲ್-ಎನ್‌ಎಲ್2 ಥರದ ಸೂತ್ರಗಳಿಂದ ಬರುತ್ತದೆ. ಮೊದಲ ಸಲ ಆ ಎರಡು ಗೆರೆ ಸೇರುವುದು ಅಪರೂಪ. ಅದರಲ್ಲೂ ಸ, ಶ, ತ ಥರದ ಅಕ್ಷರಗಳು ಇರುವ ಕೀಚಲು ಭಾಗದಲ್ಲಿ ಸದ್ದು ಸಾಲದೇ ಬಿದ್ದಿರುತ್ತದೆ. ಆ ಅಕ್ಷರಗಳೇ ತಪ್ಪಿಹೋದರೆ ಮಾತು ಕೇಳಿಸುತ್ತದೆ, ಅರ್ಥ ಆಗುವುದಿಲ್ಲ. ಇದರ ಹೆಸರು ರಿಯಲ್ ಇಯರ್ ಮೆಷರ್‌ಮೆಂಟ್. "ನೀವು ಇದನ್ನು ಮಾಡ್ತೀರಾ?" ಅಂತ ಕೇಳಿ. ದುಬಾರಿ ಮಷೀನನ್ನು ಅಳೆಯದೇ ಕೊಡುವುದಕ್ಕಿಂತ ಸಾಧಾರಣ ಮಷೀನನ್ನು ಅಳೆದು ಕೊಡುವುದು ಎಷ್ಟೋ ಮೇಲು.

ಹೆದರಿಸಿ ಮಾರುವುದನ್ನೂ ಹೇಳಲೇಬೇಕು. "ಈಗ ಹಾಕದಿದ್ದರೆ ಮರೆವಿನ ಕಾಯಿಲೆ ಬರತ್ತೆ" ಅಂತ ನಿಮಗೂ ಹೇಳಿರಬಹುದು. ಕಿವಿ ಮಂದವಾಗುವುದಕ್ಕೂ ಡಿಮೆನ್ಶಿಯಾಕ್ಕೂ ನಂಟು ಇದೆ ಅಂತ ಅಧ್ಯಯನಗಳು ಹೇಳುತ್ತವೆ, ಅದು ನಿಜ. ಆದರೆ 2023ರಲ್ಲಿ ಬಂದ ಅಚೀವ್ ಅನ್ನುವ ಅಧ್ಯಯನದಲ್ಲಿ 70ರಿಂದ 84 ವರ್ಷದ 977 ಜನರನ್ನು ಮೂರು ವರ್ಷ ನೋಡಿದರು. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡಾಗ ಮಷೀನ್ ಹಾಕಿದವರಿಗೂ ಹಾಕದವರಿಗೂ ನೆನಪು, ಯೋಚನೆಯ ಶಕ್ತಿ ಕುಂದುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಕುಂದುವ ವೇಗ 48% ಕಡಿಮೆ ಇತ್ತು. ಇದು ಭರವಸೆಯ ಸುದ್ದಿ. ಆದರೆ ಇದನ್ನು ಪೂರ್ತಿ ಹೇಳಬೇಕು. ಅರ್ಧ ಮಾತ್ರ ಹೇಳಿ ವಯಸ್ಸಾದವರ ಎದೆಯಲ್ಲಿ ಭಯ ಬಿತ್ತಿ ಸಹಿ ಹಾಕಿಸಿಕೊಳ್ಳುವುದು ಮೋಸ.

ಒಂದು ವಿಷಯ ನೀವು ಕೇಳಿಲ್ಲ. ಆದರೂ ನಿಮ್ಮ ಪತ್ರ ಓದಿದಾಗ ಮನಸ್ಸಿಗೆ ಬಂತು. ಅಲ್ಲಿ ಅವರು ಯಾರ ಜೊತೆ ಮಾತಾಡಿದರು? ದುಡ್ಡು ಕೊಡುವವರು ಮಕ್ಕಳು ಅಂತ ಮಕ್ಕಳ ಕಡೆ ತಿರುಗಿ ಎಲ್ಲ ಹೇಳುತ್ತಾರೆ, ಕಿವಿ ಯಾರದ್ದೋ ಅವರು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾರೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಈಗಿನ ಮಷೀನ್‌ಗಳು ದಿನಕ್ಕೆ ಎಷ್ಟು ಗಂಟೆ ಹಾಕಿಕೊಂಡರು ಅಂತ ತಾವೇ ಲೆಕ್ಕ ಇಟ್ಟಿರುತ್ತವೆ. ಅದನ್ನು ನೋಡಿ "ನಿಮ್ಮಪ್ಪ ದಿನಕ್ಕೆ ಒಂದೇ ಗಂಟೆ ಹಾಕ್ತಾರೆ ನೋಡಿ" ಅಂತ ಮಗನಿಗೆ ಹೇಳಿಬಿಡುವವರಿದ್ದಾರೆ. ಆ ಲೆಕ್ಕ ಅಪ್ಪನದ್ದು. ಅವರ ಒಪ್ಪಿಗೆ ಇಲ್ಲದೆ ಮಗನಿಗೂ ಹೇಳುವ ಹಾಗಿಲ್ಲ. ಒಂದೇ ಗಂಟೆ ಯಾಕೆ ಅಂತ ಅವರನ್ನೇ ಕೇಳಿದರೆ "ಅಚ್ಚು ಒತ್ತಿ ಕಿವಿ ನೋಯತ್ತಮ್ಮ" ಅಂತ ಅವರೇ ಹೇಳುತ್ತಾರೆ, ಮಷೀನಿನ ಜೊತೆ ಕಿವಿಯೊಳಗೆ ಕೂರುವ ಆ ಅಚ್ಚನ್ನು ಹತ್ತು ನಿಮಿಷದಲ್ಲಿ ಉಜ್ಜಿ ಸರಿ ಮಾಡಿದರೆ ಮುಗಿಯಿತು.

ಹಾಗಾಗಿ ಸದ್ಯಕ್ಕೆ ಸಹಿ ಹಾಕಬೇಡಿ. ಆಡಿಯೋಗ್ರಾಮ್‌ನ ಪ್ರತಿ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮ ತಂದೆಯ ಕಾಗದ. ಕೊಡಲು ಹಿಂದೆಮುಂದೆ ನೋಡಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಬೇಕಿದ್ದರೆ ಇನ್ನೊಬ್ಬರಿಗೆ ತೋರಿಸಿ. ಹಾಕಿಕೊಂಡು ನೋಡಿ ವಾಪಸ್ ಕೊಡಲು ಎಷ್ಟು ದಿನ ಅವಕಾಶ, ವಾಪಸ್ ಕೊಟ್ಟರೆ ಎಷ್ಟು ದುಡ್ಡು ಹಿಡಿದುಕೊಳ್ಳುತ್ತಾರೆ ಅನ್ನುವುದನ್ನು ಬರೆಸಿಕೊಳ್ಳಿ. ಮತ್ತೆ ಹೋದಾಗ ನೀವು ಪಕ್ಕದ ಕುರ್ಚಿಗೆ ಸರಿದು, ತಜ್ಞರ ಎದುರಿನ ಕುರ್ಚಿಯಲ್ಲಿ ತಂದೆಯವರನ್ನೇ ಕೂರಿಸಿ. ಅವರ ಮುಖ ನೋಡಿಕೊಂಡು, ಮೆಲ್ಲಗೆ, ಬಿಡಿಸಿ ಬಿಡಿಸಿ ಮಾತಾಡುತ್ತಾರಾ ನೋಡಿ.