ಹೆಡ್‌ಲೈಟ್ ಸ್ವಿಚ್ಚು ಸುಡೋದ್ಯಾಕೆ, ರಿಲೇ ಅದನ್ನ ಉಳಿಸೋದು ಹೇಗೆ

ಹಳೇ ಕಾರು, ಜೀಪು, ಟೆಂಪೋ ಇಟ್ಕೊಂಡಿರೋರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತೆ, "ಸ್ವಿಚ್ಚು ಲೋಕಲ್ ಮಾಲು ಕಣ್ರೀ, ಒರಿಜಿನಲ್ ಹಾಕಿಸಿದ್ರೆ ಸುಡಲ್ಲ" ಅಂತ. ಒರಿಜಿನಲ್ಲೂ ಸುಡುತ್ತೆ, ಸ್ವಲ್ಪ ತಡ ಆಗುತ್ತೆ ಅಷ್ಟೇ. ತಪ್ಪಿರೋದು ವೈರಿಂಗಲ್ಲಿ. ಎಷ್ಟೋ ಹಳೇ ಗಾಡಿಗಳಲ್ಲಿ ರಿಲೇನೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ಚು) ಇರಲ್ಲ, ಬಲ್ಬಿಗೆ ಹೋಗೋ ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಆ ಸ್ವಿಚ್ಚಿನೊಳಗೆ ಒಂದಕ್ಕೊಂದು ತಾಗೋ ಪುಟ್ಟ ಲೋಹದ ಪಾಯಿಂಟುಗಳನ್ನ ದಾಟ್ಕೊಂಡೇ ಹೋಗ್ಬೇಕು.

ಲೆಕ್ಕ ನೋಡಿ. ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬು 60/55 ವಾಟ್, ಅಂದ್ರೆ ಹೈ ಬೀಮಿಗೆ 60, ಲೋ ಬೀಮಿಗೆ 55. ಹೈ ಬೀಮಲ್ಲಿ ಎರಡೂ ಬಲ್ಬು ಸೇರಿ 120 ವಾಟ್, 12 ವೋಲ್ಟಿಗೆ ಭಾಗಿಸಿದ್ರೆ 10 ಆಂಪಿಯರ್. ಇದು ಬಲ್ಬು ಕಾದ ಮೇಲಿನ ಮಾತು. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸು ಕಾದಾಗಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ ಇರುತ್ತೆ, ಹಾಗಾಗಿ ಸ್ವಿಚ್ ಒತ್ತಿದ ಆ ಕ್ಷಣಕ್ಕೆ ಕರೆಂಟು ಎಷ್ಟೋ ಪಟ್ಟು ಹೆಚ್ಚಾಗಿ ನುಗ್ಗುತ್ತೆ, ಆಮೇಲೆ ಇಳಿಯುತ್ತೆ. ಪಾಯಿಂಟುಗಳು ಇನ್ನೂ ಸರಿಯಾಗಿ ಕೂತಿರಲ್ಲ, ಆಗಲೇ ಕಿಡಿ ಹಾರುತ್ತೆ. ಆರಿಸುವಾಗಲೂ ಇನ್ನೊಂದು ಕಿಡಿ. ಹೀಗೆ ದಿನಾ ಸುಟ್ಟು ಸುಟ್ಟು ಪಾಯಿಂಟಿನ ಮೇಲೆ ಕರೀ ಪದರ ಕೂರುತ್ತೆ.

ನಿಜವಾದ ಕಥೆ ಶುರುವಾಗೋದು ಇಲ್ಲಿಂದ. ಆ ಪದರದಿಂದ ಪಾಯಿಂಟಿನ ರೆಸಿಸ್ಟೆನ್ಸು 0.1 ಓಮ್ ಆಯ್ತು ಅಂದ್ಕೊಳ್ಳಿ, ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಶಾಖ ಬರೋದು ಕರೆಂಟಿನ ವರ್ಗದ ಲೆಕ್ಕದಲ್ಲಿ, 10 ಗುಣಿಸು 10 ಗುಣಿಸು 0.1, ಅಂದ್ರೆ 10 ವಾಟ್, ಅದೂ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯೊಳಗೆ, ಕಡ್ಲೆಕಾಳಿಗಿಂತ ಚಿಕ್ಕ ಜಾಗದಲ್ಲಿ. ಬಿಸಿಗೆ ಪಾಯಿಂಟನ್ನ ಒತ್ತಿ ಹಿಡಿಯೋ ಹಿತ್ತಾಳೆ ಪಟ್ಟಿ ತನ್ನ ಸ್ಪ್ರಿಂಗ್ ಗುಣ ಕಳ್ಕೊಳ್ಳುತ್ತೆ. ಒತ್ತಡ ಕಮ್ಮಿಯಾದ್ರೆ ರೆಸಿಸ್ಟೆನ್ಸು ಇನ್ನೂ ಏರುತ್ತೆ, ಅದು ಏರಿದ್ರೆ ಬಿಸಿ ಇನ್ನೂ ಏರುತ್ತೆ. ಒಂದು ಸಲ ಈ ಸುತ್ತು ಶುರುವಾದ್ರೆ ತಾನಾಗಿ ನಿಲ್ಲಲ್ಲ. ಸುಟ್ಟ ಸ್ವಿಚ್ಚು ಸಿಕ್ಕಿದ್ರೆ ಬಿಚ್ಚಿ ನೋಡಿ, ಪಟ್ಟಿ ಬಣ್ಣಗೆಟ್ಟಿರುತ್ತೆ, ಸುತ್ತಲಿನ ಪ್ಲಾಸ್ಟಿಕ್ ಕಂದಾಗಿ ಕರಗಿ ಪಟ್ಟಿಯನ್ನೇ ಓರೆ ಮಾಡಿರುತ್ತೆ. ಕೆಲವರು ಇದರ ಮೇಲೆ 100/90 ವಾಟಿನ ಬಲ್ಬು ಬೇರೆ ಹಾಕಿಸ್ತಾರೆ, ಆಗ ಸ್ವಿಚ್ಚಿನ ಬಿಸಿ ಹತ್ತಿರ ಹತ್ತಿರ ಮೂರು ಪಟ್ಟು. ಫ್ಯೂಸ್ ಹೋಗ್ತಿದೆ ಅಂತ ದೊಡ್ಡ ಫ್ಯೂಸ್ ಹಾಕೋರೂ ಇದಾರೆ, ದಯವಿಟ್ಟು ಅದನ್ನಂತೂ ಮಾಡ್ಬೇಡಿ, ಫ್ಯೂಸ್ ಬದಲು ವೈರೇ ಉರಿಯುತ್ತೆ.

ರಿಲೇ ಮಾಡೋದು ಇಷ್ಟೇ. ನೀರುಗಂಟಿ ತೂಬು ಎತ್ತುತಾನೆ, ನೀರು ಹೊರಲ್ಲ, ಗದ್ದೆಗೆ ನೀರು ಕೆರೆಯಿಂದಲೇ ಹೋಗುತ್ತೆ. ಇಲ್ಲೂ ಸ್ವಿಚ್ಚು ರಿಲೇ ಒಳಗಿನ ಕಾಯಿಲಿಗೆ (ಸುರುಳಿ ಸುತ್ತಿದ ತಂತಿಗೆ) ಒಂಚೂರು ಕರೆಂಟ್ ಕೊಡುತ್ತೆ, ಕಾಯಿಲು ಮ್ಯಾಗ್ನೆಟ್ ಆಗಿ ಟಕ್ ಅಂತ ಪಾಯಿಂಟನ್ನ ಎಳ್ಕೊಳ್ಳುತ್ತೆ, ಬಲ್ಬಿಗೆ ಕರೆಂಟು ಬ್ಯಾಟರಿಯಿಂದ ನೇರ ಹೋಗುತ್ತೆ. ಕಾಯಿಲಿಗೆ ಬೇಕಾಗೋದು ಸುಮಾರು 0.15 ಆಂಪಿಯರ್. ಅದೇ 0.1 ಓಮಿನ ಹಳೇ ಪಾಯಿಂಟಲ್ಲಿ ಈಗ ಹುಟ್ಟೋ ಶಾಖ ಎರಡು ಮಿಲಿವಾಟ್ ಚಿಲ್ರೆ, ಅಂದ್ರೆ ಮೊದಲಿನ ಶಾಖದ ನಾಲ್ಕು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಮ್ಮಿ! ನನಗಂತೂ ಈ ಲೆಕ್ಕ ಪ್ರತೀ ಸಲವೂ ಖುಷಿ ಕೊಡುತ್ತೆ. ಹಾಗಾದ್ರೆ ರಿಲೇ ಪಾಯಿಂಟ್ ಯಾಕೆ ಸುಡಲ್ಲ ಅಂತ ಕೇಳ್ಬಹುದು. ಅದು ಬೆಳ್ಳಿ ಮಿಶ್ರಲೋಹದ್ದು, 30-40 ಆಂಪಿಯರಿಗೇ ಅಂತ ಮಾಡಿದ್ದು, ಬೆರಳಿನ ಹಾಗೆ ನಿಧಾನಕ್ಕೆ ಸರಿಯಲ್ಲ, ಒಂದೇ ಏಟಿಗೆ ಬಂದು ಗಟ್ಟಿಯಾಗಿ ಕೂರುತ್ತೆ.

ಈ ಯೋಚನೆ ಕಾರಿಗಿಂತ ಹಳೇದು. 1835ರ ಹೊತ್ತಿಗೆ ಅಮೆರಿಕದ ಪ್ರಿನ್ಸ್‌ಟನ್ನಲ್ಲಿ ಜೋಸೆಫ್ ಹೆನ್ರಿ ಉದ್ದ ತಂತಿಯಲ್ಲಿ ಬಂದ ಬಡಕಲು ಕರೆಂಟಿನಿಂದ ಒಂದು ದೊಡ್ಡ ಎಲೆಕ್ಟ್ರೋಮ್ಯಾಗ್ನೆಟ್ಟಿನ ಸರ್ಕ್ಯೂಟನ್ನ ನಿಯಂತ್ರಿಸಿ ತೋರಿಸಿದ್ರು. ಟೆಲಿಗ್ರಾಫು ದೂರ ದೂರಕ್ಕೆ ಹೋಗಿದ್ದು ಇದರಿಂದಲೇ. 1941ರಲ್ಲಿ ಜರ್ಮನಿಯ ಕೊನ್ರಾಡ್ ತ್ಸೂಸೆ ಎರಡು ಸಾವಿರಕ್ಕೂ ಹೆಚ್ಚು ರಿಲೇ ಜೋಡಿಸಿ ಜ಼ಡ್3 ಅನ್ನೋ ಕಂಪ್ಯೂಟರನ್ನೇ ಕಟ್ಟಿದ್ರು. 1947ರ ಸೆಪ್ಟೆಂಬರ್ 9ಕ್ಕೆ ಹಾರ್ವರ್ಡ್ ಮಾರ್ಕ್ 2 ಯಂತ್ರದ 70ನೇ ನಂಬರಿನ ರಿಲೇಲಿ ಒಂದು ಪತಂಗ ಸಿಕ್ತು, ಅದನ್ನ ಲಾಗ್ ಬುಕ್ಕಿಗೆ ಟೇಪ್ ಹಾಕಿ ಅಂಟಿಸಿಟ್ರು. ಆ ಪತಂಗದ ಹಾಗೆ ನಮ್ಮ ಧೂಳು, ಮಳೆನೀರೂ ರಿಲೇ ಒಳಗೆ ಸೇರ್ಬಹುದು, ಅದಕ್ಕೇ ಮುಚ್ಚಿದ ರಿಲೇ ತಗೊಂಡು ಪಿನ್ನುಗಳು ಕೆಳಮುಖ ಇರೋ ಹಾಗೆ ಕೂರಿಸ್ಬೇಕು, ನೀರು ಒಳಗೆ ನಿಲ್ಲಬಾರದು.

ಜೋಡಿಸೋದು ಕಷ್ಟ ಏನಿಲ್ಲ. ರಿಲೇ ಅಡಿಯಲ್ಲೇ ನಂಬರ್ ಇರುತ್ತೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು, 87ರಿಂದ ಬಲ್ಬಿಗೆ, 86ಕ್ಕೆ ಮೊದಲು ಬಲ್ಬಿಗೆ ಹೋಗ್ತಿದ್ದ ಸ್ವಿಚ್ಚಿನ ವೈರು, 85 ಅರ್ತಿಂಗ್. ಹೈ ಬೀಮಿಗೊಂದು, ಲೋ ಬೀಮಿಗೊಂದು, ಒಟ್ಟು ಎರಡು ರಿಲೇ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರ್ಲಿ, ಅದಕ್ಕೂ ಬ್ಯಾಟರಿಗೂ ಮಧ್ಯೆ ಇರೋ ವೈರಿಗೆ ರಕ್ಷಣೆನೇ ಇರಲ್ಲ. ಕೆಲವು ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಸ್ವಿಚ್ಚು ನೆಗೆಟಿವ್ ಕಡೆ ಇರುತ್ತೆ, ಟೆಸ್ಟ್ ಲ್ಯಾಂಪ್ ಇಟ್ಟು ನೋಡದೆ ವೈರ್ ಕತ್ತರಿಸ್ಬೇಡಿ. ಲಾರಿಗೆ 24 ವೋಲ್ಟ್ ರಿಲೇನೇ ಆಗ್ಬೇಕು. ಇಂಜಿನ್ನಿನ ಕಾಯಿಲಿಂದ ನೇರ ಎಸಿ ಕರೆಂಟಲ್ಲಿ ಹೆಡ್‌ಲೈಟ್ ಉರಿಯೋ ಹಳೇ ಬೈಕಿಗೆ ಈ ರಿಲೇ ಆಗಲ್ಲ, ಗುರ್ ಅಂತ ಅದುರುತ್ತೆ.

"ರಿಲೇ ಬೆಳಕು ಜಾಸ್ತಿ ಮಾಡುತ್ತೆ" ಅನ್ನೋದೂ ಅರ್ಧ ಸತ್ಯ. ದಾರಿಯಲ್ಲಿ ಸೋರಿ ಹೋಗ್ತಿದ್ದ ವೋಲ್ಟೇಜನ್ನ ವಾಪಸ್ ಕೊಡುತ್ತೆ, ಹೊಸದಾಗಿ ಏನೂ ಸೇರಿಸಲ್ಲ. ಆದ್ರೆ ಹ್ಯಾಲೊಜೆನ್ನಲ್ಲಿ 12 ವೋಲ್ಟ್ 10.5ಕ್ಕೆ ಇಳಿದ್ರೂ ಸಾಕು, ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಳಕು ಹೋಗಿರುತ್ತೆ. ನಿಮ್ಮ ಗಾಡಿಗೆ ರಿಲೇ ಬೇಕಾ ಅಂತ ತಿಳಿಯೋಕೆ ಒಂದು ಮಲ್ಟಿಮೀಟರ್ ಸಾಕು. ಇಂಜಿನ್ ಆನ್ ಮಾಡಿ, ಲೈಟ್ ಹಾಕಿ, ಬ್ಯಾಟರಿ ಮೇಲೆ ಒಂದ್ಸಲ, ಬಲ್ಬಿನ ಹಿಂದಿನ ಕನೆಕ್ಟರಲ್ಲಿ ಒಂದ್ಸಲ ವೋಲ್ಟೇಜ್ ನೋಡಿ. ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ, ಲೈಟ್ ಉರೀತಾ ಇರುವಾಗಲೇ ಸ್ವಿಚ್ಚಿನ ಎರಡು ತುದಿಗೆ ಮೀಟರ್ ಹಿಡೀರಿ, ಅದರಲ್ಲಿ ಸ್ವಿಚ್ಚು ತಿಂತಿರೋದು ಎಷ್ಟು ಅಂತ ಅಲ್ಲೇ ಗೊತ್ತಾಗುತ್ತೆ.