ಹದಿನಾಲ್ಕು ಪಾಯಿಂಟ್ ಹೆಚ್ಚು ಗೆದ್ದೂ ಸೋತ ಫೈನಲ್

2019ರ ವಿಂಬಲ್ಡನ್ ಪುರುಷರ ಸಿಂಗಲ್ಸ್ ಫೈನಲ್‌ನ ಅಂಕಿಅಂಶದ ಹಾಳೆಯಲ್ಲಿ ಹೆಸರುಗಳನ್ನೂ ಸ್ಕೋರನ್ನೂ ಮುಚ್ಚಿ, ಆ ಪಂದ್ಯ ನೋಡದ ಯಾರಿಗಾದರೂ ತೋರಿಸಿ. ಒಬ್ಬ ಆಟಗಾರ ಒಟ್ಟು 218 ಪಾಯಿಂಟ್ ಗೆದ್ದಿದ್ದಾನೆ, ಇನ್ನೊಬ್ಬ 204. ಏಸ್‌ಗಳು (ಎದುರಾಳಿ ಮುಟ್ಟಲಾಗದ ಸರ್ವ್‌ಗಳು) 25 ಮತ್ತು 10. ವಿನ್ನರ್‌ಗಳು (ಎದುರಾಳಿಗೆ ಸಿಗದೆ ಪಾಯಿಂಟ್ ತಂದ ಹೊಡೆತಗಳು) 94 ಮತ್ತು 54. ಎದುರಾಳಿಯ ಸರ್ವ್ ಮುರಿದದ್ದು, ಅಂದರೆ ಎದುರಾಳಿ ಸರ್ವ್ ಮಾಡಿದ ಗೇಮ್ ಗೆದ್ದದ್ದು, ಒಬ್ಬ ಏಳು ಸಲ, ಇನ್ನೊಬ್ಬ ಮೂರು ಸಲ. ಗೆದ್ದ ಗೇಮ್‌ಗಳು 36 ಮತ್ತು 32. ಸ್ವಯಂಕೃತ ತಪ್ಪುಗಳಲ್ಲಿ ಮಾತ್ರ ಮೊದಲನೆಯವನದು ಒಂದಿಷ್ಟು ಹೆಚ್ಚು, 62ಕ್ಕೆ 52. ಗೆದ್ದವರು ಯಾರೆಂದು ಕೇಳಿದರೆ ಬಹುತೇಕ ಎಲ್ಲರೂ ಮೊದಲನೆಯವನನ್ನೇ ತೋರಿಸುತ್ತಾರೆ. ಅವನು ರೋಜರ್ ಫೆಡರರ್. ಟ್ರೋಫಿ ಎತ್ತಿದ್ದು ನೊವಾಕ್ ಜೊಕೊವಿಚ್: 7-6, 1-6, 7-6, 4-6, 13-12. ನಾಲ್ಕು ಗಂಟೆ 57 ನಿಮಿಷದ ಆಟ.

ಟೆನಿಸ್ ಪಂದ್ಯಗಳ ದತ್ತಾಂಶ ವಿಶ್ಲೇಷಣೆ ನನ್ನ ವೃತ್ತಿ. ಪಂದ್ಯ ಮುಗಿದ ಮೇಲೆ ಜೂನಿಯರ್ ಆಟಗಾರರ ತಂದೆತಾಯಿ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯೂ ಇದೇ: ‘ಅವಳೇ ಹೆಚ್ಚು ಪಾಯಿಂಟ್ ಗೆದ್ದಿದ್ದಾಳಲ್ಲ, ಸೋತದ್ದು ಹೇಗೆ?’ ಉತ್ತರ ಟೆನಿಸ್‌ನ ಎಣಿಕೆಯ ಕ್ರಮದಲ್ಲೇ ಇದೆ. ಇಲ್ಲಿ ಪಾಯಿಂಟ್‌ಗಳನ್ನು ಪಂದ್ಯದುದ್ದಕ್ಕೂ ಕೂಡಿಸುತ್ತಾ ಹೋಗುವುದಿಲ್ಲ. ಪಾಯಿಂಟ್‌ಗಳಿಂದ ಗೇಮ್, ಗೇಮ್‌ಗಳಿಂದ ಸೆಟ್; ಆ ಫೈನಲ್‌ನಲ್ಲಿ ಮೂರು ಸೆಟ್ ಗೆದ್ದವರದು ಪಂದ್ಯ. ಗೇಮ್ ಮುಗಿದರೆ ಅದರ ಪಾಯಿಂಟ್‌ಗಳ ಲೆಕ್ಕ ಅಳಿಸಿತು, ಸೆಟ್ ಮುಗಿದರೆ ಗೇಮ್‌ಗಳ ಲೆಕ್ಕ ಅಳಿಸಿತು. ಕರ್ನಾಟಕದ 2018ರ ವಿಧಾನಸಭಾ ಚುನಾವಣೆ ನೆನಪಿರುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕಾಂಗ್ರೆಸ್‌ಗೆ ಸುಮಾರು ಶೇ 38 ಮತ, ಬಿಜೆಪಿಗೆ ಸುಮಾರು ಶೇ 36. ಆದರೂ ಹೆಚ್ಚು ಸ್ಥಾನ, 104, ಸಿಕ್ಕಿದ್ದು ಬಿಜೆಪಿಗೆ. ಮತ ಎಷ್ಟು ಬಿತ್ತು ಎಂಬುದರ ಜೊತೆಗೆ ಎಲ್ಲಿ ಬಿತ್ತು ಎಂಬುದೂ ಮುಖ್ಯ.

ಆ ಫೈನಲ್‌ನಲ್ಲಿ ಫೆಡರರ್ ಗೆದ್ದ ಎರಡು ಸೆಟ್‌ಗಳನ್ನು ನೋಡಿ: 6-1, 6-4. ಒಟ್ಟು ಗೇಮ್‌ಗಳು 12ಕ್ಕೆ 5. ಜೊಕೊವಿಚ್ ಗೆದ್ದ ಮೂರು ಸೆಟ್‌ಗಳಲ್ಲಿ 27ಕ್ಕೆ 24, ಅಂದರೆ ಪ್ರತಿ ಸೆಟ್‌ನಲ್ಲೂ ಒಂದೇ ಒಂದು ಗೇಮ್‌ನ ಅಂತರ. ಗೆದ್ದ ಕಡೆ ಫೆಡರರ್ ಧಾರಾಳವಾಗಿ ಗೆದ್ದರು, ಸೋತ ಕಡೆ ಕೂದಲೆಳೆಯಲ್ಲಿ ಸೋತರು. ಎರಡನೇ ಸೆಟ್ 6-1 ಆದರೂ ಲೆಕ್ಕಕ್ಕೆ ಅದು ಒಂದೇ ಸೆಟ್.

ಇಷ್ಟು ವಿವರಣೆ ಸಾಮಾನ್ಯವಾಗಿ ಎಲ್ಲರೂ ಕೊಡುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವ ಲೆಕ್ಕ ಇನ್ನೊಂದಿದೆ, ಅದಕ್ಕೆ ಕಂಪ್ಯೂಟರ್ ಕೂಡ ಬೇಡ. ಜೊಕೊವಿಚ್ ಗೆದ್ದ ಮೂರೂ ಸೆಟ್‌ಗಳು ತೀರ್ಮಾನವಾದದ್ದು ಟೈಬ್ರೇಕ್‌ನಲ್ಲಿ, ಅಂದರೆ ಗೇಮ್‌ಗಳು ಸಮವಾದಾಗ ಏಳು ಪಾಯಿಂಟ್‌ಗೆ ಆಡಿಸುವ ಕೊನೆಯ ಗೇಮ್‌ನಲ್ಲಿ: 7-5, 7-4, 7-3. ಕೂಡಿಸಿದರೆ ಜೊಕೊವಿಚ್ 21, ಫೆಡರರ್ 12. ಈ 33 ಪಾಯಿಂಟ್‌ಗಳನ್ನು ಒಟ್ಟು 422ರಿಂದ ತೆಗೆದುಬಿಡಿ. ಉಳಿದ 389ರಲ್ಲಿ ಫೆಡರರ್ 206, ಜೊಕೊವಿಚ್ 183. ಟೈಬ್ರೇಕ್‌ನ ಹೊರಗೆ ಫೆಡರರ್ ಗೆದ್ದದ್ದು ಶೇ 53, ಒಳಗೆ ಬರೀ ಶೇ 36. ಇಡೀ ಪಂದ್ಯದ ನೂರಕ್ಕೆ ಎಂಟರಷ್ಟಿರುವ ಪಾಯಿಂಟ್‌ಗಳು ಉಳಿದ ತೊಂಬತ್ತೆರಡನ್ನು ತಿರುವಿ ಹಾಕಿದವು.

ಶೇ 53 ಎಂದರೆ ಅಷ್ಟೇನಾ ಎನ್ನಬೇಡಿ. 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಸಮಾರಂಭದಲ್ಲಿ ಫೆಡರರ್ ಅವರೇ ಹೇಳಿದ ಲೆಕ್ಕ ಇದು: ಅವರು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹೆಚ್ಚುಕಡಿಮೆ ಶೇ 80 ಗೆಲುವು, ಆದರೆ ಗೆದ್ದ ಪಾಯಿಂಟ್‌ಗಳು ಶೇ 54 ಮಾತ್ರ. ಟೆನಿಸ್‌ನಲ್ಲಿ ಪಾಯಿಂಟ್ ಮಟ್ಟದ ಸಣ್ಣ ಮೇಲುಗೈ ಗೇಮ್‌ನಲ್ಲಿ ಹಿಗ್ಗುತ್ತದೆ, ಸೆಟ್‌ನಲ್ಲಿ ಇನ್ನಷ್ಟು ಹಿಗ್ಗುತ್ತದೆ. ತನ್ನ ಸರ್ವ್‌ನಲ್ಲಿ ಶೇ 65 ಪಾಯಿಂಟ್ ಗೆಲ್ಲುವ ಆಟಗಾರ ಶೇ 83 ಸರ್ವ್ ಗೇಮ್ ಉಳಿಸಿಕೊಳ್ಳುತ್ತಾನೆ.

ಅದೇ ಆಟಗಾರನನ್ನು ಇಟ್ಟುಕೊಂಡು ಇನ್ನೊಂದು ಲೆಕ್ಕ. (ಗೇಮ್‌ನೊಳಗೆ ಪಾಯಿಂಟ್‌ಗಳ ಎಣಿಕೆ 15, 30, 40 ಎಂದು; ಸರ್ವ್ ಮಾಡುವವರ ಸ್ಕೋರ್ ಮೊದಲು.) 40-0 ಇದ್ದಾಗ ಒಂದು ಪಾಯಿಂಟ್ ಗೆಲ್ಲುವುದಕ್ಕೂ ಸೋಲುವುದಕ್ಕೂ ಗೇಮ್ ಗೆಲ್ಲುವ ಅವನ ಸಾಧ್ಯತೆಯಲ್ಲಿ ಮೂರು ಶೇಕಡಾ ಅಂಕದಷ್ಟೂ ವ್ಯತ್ಯಾಸವಿಲ್ಲ. 30-40ರಲ್ಲಿ ಆ ಪಾಯಿಂಟ್ ಗೆಲ್ಲುವುದಕ್ಕೂ ಸೋಲುವುದಕ್ಕೂ ಇರುವ ವ್ಯತ್ಯಾಸ 77 ಶೇಕಡಾ ಅಂಕಕ್ಕಿಂತ ಹೆಚ್ಚು: ಗೆದ್ದರೆ ಡ್ಯೂಸ್ (40-40 ಸಮ), ಸೋತರೆ ಗೇಮ್ ಹೋಯಿತು. ಸ್ಕೋರ್‌ಶೀಟ್‌ನಲ್ಲಿ ಎರಡಕ್ಕೂ ಒಂದೊಂದೇ ಗೀಟು, ತೂಕ ಮಾತ್ರ ಇಪ್ಪತ್ತೆಂಟು ಪಟ್ಟು ಬೇರೆ. ಹೀಗಿರುವಾಗ ಒಟ್ಟು ಪಾಯಿಂಟ್‌ಗಳನ್ನು ಕೂಡಿಸಿ ‘ಚೆನ್ನಾಗಿ ಆಡಿದವರು ಇವರು’ ಎಂದು ತೀರ್ಪು ಕೊಡುವುದು ತಪ್ಪು.

ಐದನೇ ಸೆಟ್‌ನ ಆ ಗಳಿಗೆಗೆ ಬರೋಣ. ಫೆಡರರ್ 8-7 ಮುಂದೆ, ಸರ್ವ್ ಅವರದೇ, 40-15. ಎರಡು ಚಾಂಪಿಯನ್‌ಶಿಪ್ ಪಾಯಿಂಟ್: ಒಂದನ್ನು ಗೆದ್ದರೂ ಟ್ರೋಫಿ ಅವರದು. ಮೊದಲನೆಯದರಲ್ಲಿ ಅವರ ಫೋರ್‌ಹ್ಯಾಂಡ್ ಅಂಕಣದ ಪಕ್ಕಕ್ಕೆ ಹೋಯಿತು. ಎರಡನೆಯದರಲ್ಲಿ ಅವರು ನೆಟ್‌ಗೆ ನುಗ್ಗಿದರು, ಜೊಕೊವಿಚ್ ಓರೆಯಾಗಿ ಹೊಡೆದ ಫೋರ್‌ಹ್ಯಾಂಡ್ ಅವರನ್ನು ದಾಟಿಹೋಯಿತು. ಶೇ 65ರ ನಮ್ಮ ಲೆಕ್ಕದಲ್ಲಿ 40-15ರಲ್ಲಿ ಗೇಮ್ ಗೆಲ್ಲುವ ಸಾಧ್ಯತೆ ಶೇ 97, 40-30ರಲ್ಲಿ 92, ಡ್ಯೂಸ್‌ನಲ್ಲಿ 78. ಎಲ್ಲರ ನೆನಪಿನಲ್ಲಿ ಆ ಎರಡು ಪಾಯಿಂಟ್‌ಗಳೇ ಉಳಿದಿವೆ, ಆದರೆ ಅವೆರಡೂ ಹೋದ ಮೇಲೂ ಗೆಲ್ಲುವ ಸಾಧ್ಯತೆ ಹೆಚ್ಚಿದ್ದದ್ದು ಫೆಡರರ್ ಅವರಿಗೇ. ದೊಡ್ಡ ಏಟು ಬಿದ್ದದ್ದು ಡ್ಯೂಸ್ ನಂತರ, ಸರ್ವ್ ಮುರಿದು ಸ್ಕೋರ್ 8-8 ಆದಾಗ.

ಹಾಗಾದರೆ ‘ನಿರ್ಣಾಯಕ ಗಳಿಗೆಯಲ್ಲಿ ಫೆಡರರ್ ಮನಸ್ಸು ಗಟ್ಟಿ ಇರಲಿಲ್ಲ’ ಎನ್ನಬಹುದೇ? ಸುಲಭಕ್ಕೆ ಸಿಗುವ ಈ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೇಕ್ ಪಾಯಿಂಟ್‌ಗಳೂ (ಗೆದ್ದರೆ ಎದುರಾಳಿಯ ಸರ್ವ್ ಮುರಿಯುವ ಪಾಯಿಂಟ್‌ಗಳು) ನಿರ್ಣಾಯಕವೇ, ಅಲ್ಲಿ ಅವರು 13ರಲ್ಲಿ 7 ಗೆದ್ದರು. ಜೊಕೊವಿಚ್‌ಗೆ 8ರಲ್ಲಿ 3 ಸಿಕ್ಕಿತು. ಮೊದಲ ಮೂರು ಸೆಟ್‌ಗಳಲ್ಲಿ ಫೆಡರರ್ ಅವರ ಸರ್ವನ್ನು ಜೊಕೊವಿಚ್ ಒಮ್ಮೆಯೂ ಮುರಿಯಲಿಲ್ಲ. ಇದನ್ನು ಫೆಡರರ್ ಸೋತ 2008ರ ವಿಂಬಲ್ಡನ್ ಫೈನಲ್ ಜೊತೆ ಇಟ್ಟು ನೋಡಬೇಕು. ರಫೇಲ್ ನಡಾಲ್ ವಿರುದ್ಧ ಅವರು 13 ಬ್ರೇಕ್ ಪಾಯಿಂಟ್‌ಗಳಲ್ಲಿ ಒಂದನ್ನು ಮಾತ್ರ ಗೆದ್ದರು, ಆದರೆ ಎರಡು ಟೈಬ್ರೇಕ್‌ಗಳನ್ನೂ ಗೆದ್ದರು. ಒಟ್ಟು ಪಾಯಿಂಟ್ ನಡಾಲ್ 209, ಫೆಡರರ್ 204. ಅಂದರೆ ಎರಡು ಫೈನಲ್‌ಗಳು ಒಂದಕ್ಕೊಂದು ತೀರಾ ತಿರುವುಮುರುವು. ಇಡೀ ವೃತ್ತಿಜೀವನ ತೆಗೆದುಕೊಂಡರೆ ಫೆಡರರ್, ಜೊಕೊವಿಚ್ ಇಬ್ಬರೂ ಆಡಿದ ಪ್ರತಿ ಮೂರು ಟೈಬ್ರೇಕ್‌ಗಳಲ್ಲಿ ಹತ್ತಿರಹತ್ತಿರ ಎರಡನ್ನು ಗೆದ್ದವರು. ಟೈಬ್ರೇಕ್‌ಗೆ ಹೆದರುವ ಆಟಗಾರನ ದಾಖಲೆ ಹೀಗಿರುವುದಿಲ್ಲ.

ಇನ್ನು ಅದೃಷ್ಟವೇ? ಅದನ್ನೂ ಅಳೆಯಬಹುದು. ಪ್ರತಿ ಪಾಯಿಂಟ್ ಗೆಲ್ಲುವ ಸಾಧ್ಯತೆ ಶೇ 53 ಇರುವವನು ಒಂದು ಟೈಬ್ರೇಕ್ ಗೆಲ್ಲುವ ಸಾಧ್ಯತೆ ಶೇ 59ರ ಆಸುಪಾಸು. ಮೂರಕ್ಕೆ ಮೂರನ್ನೂ ಸೋಲುವುದು ನೂರಕ್ಕೆ ಏಳು ಸಲ. ಅಪರೂಪ, ಆದರೆ ಅಸಂಭವ ಅಲ್ಲ. ಇಷ್ಟೇ ಆಗಿದ್ದರೆ ನಾನು ಇದನ್ನು ಆಕಸ್ಮಿಕದ ಖಾತೆಗೆ ಹಾಕಿ ಸುಮ್ಮನಾಗುತ್ತಿದ್ದೆ.

ಸುಮ್ಮನಾಗಲು ಬಿಡದ ಅಂಕಿ ಒಂದಿದೆ. ಮೂರು ಟೈಬ್ರೇಕ್‌ಗಳಲ್ಲಿ ಫೆಡರರ್ ಮಾಡಿದ ಸ್ವಯಂಕೃತ ತಪ್ಪುಗಳು 11, ಜೊಕೊವಿಚ್ ಒಂದನ್ನೂ ಮಾಡಲಿಲ್ಲ. ಪಂದ್ಯದ ಉದ್ದಕ್ಕೂ ಇದ್ದ ಸರಾಸರಿಯೇ ಮುಂದುವರಿದಿದ್ದರೆ 33 ಪಾಯಿಂಟ್‌ಗಳಲ್ಲಿ ಫೆಡರರ್‌ರಿಂದ ಐದು, ಜೊಕೊವಿಚ್‌ರಿಂದ ನಾಲ್ಕು ತಪ್ಪು ಆಗಬೇಕಿತ್ತು. ನಾಲ್ಕು ಆಗಬೇಕಾದ ಕಡೆ ಸೊನ್ನೆ ಬರುವುದು ನೂರಕ್ಕೆ ಎರಡು ಸಲ ಮಾತ್ರ. ಸ್ವಯಂಕೃತ ತಪ್ಪು ಯಾವುದು, ಎದುರಾಳಿಯ ಒತ್ತಡಕ್ಕೆ ಆದ ತಪ್ಪು ಯಾವುದು ಎನ್ನುವುದು ಅಂಕಣದ ಬದಿಯಲ್ಲಿ ಕುಳಿತು ದಾಖಲಿಸುವವರ ವಿವೇಚನೆಗೆ ಬಿಟ್ಟದ್ದು ನಿಜ. ಆದರೂ 11 ಮತ್ತು 0 ನಡುವಿನ ಅಂತರವನ್ನು ಬರೀ ವಿವೇಚನೆಯಿಂದ ವಿವರಿಸಲಾಗದು. ಮೊದಲ ಟೈಬ್ರೇಕ್‌ನಲ್ಲಿ 5-3 ಮುಂದಿದ್ದ ಫೆಡರರ್ ಸತತ ನಾಲ್ಕು ಪಾಯಿಂಟ್ ಬಿಟ್ಟುಕೊಟ್ಟರು. ನನ್ನ ಓದು ಇಷ್ಟು: ಜೊಕೊವಿಚ್ ಟೈಬ್ರೇಕ್‌ನಲ್ಲಿ ವಿನ್ನರ್‌ಗಳ ಬೆನ್ನು ಹತ್ತಲಿಲ್ಲ. ಚೆಂಡನ್ನು ಅಂಕಣದೊಳಗೆ, ಆಳಕ್ಕೆ ಇಡುತ್ತಾ ಹೋದರು. ಅಪಾಯಕ್ಕೆ ಕೈಹಾಕುವ ಹೊಣೆ ಪ್ರತಿ ಸಲವೂ ಫೆಡರರ್ ಮೇಲೆ ಬಿತ್ತು. ಇಡೀ ದಿನ 94 ವಿನ್ನರ್ ತಂದುಕೊಟ್ಟ ಆಟವೇ ಆ 33 ಪಾಯಿಂಟ್‌ಗಳಲ್ಲಿ 11 ತಪ್ಪುಗಳನ್ನೂ ತಂದಿತು.

ಹಾಗಾಗಿ ಜೂನಿಯರ್‌ಗಳ ಪಂದ್ಯ ದಾಖಲಿಸುವ ಕೋಚ್‌ಗಳಿಗೆ ನಾನು ಕೇಳಿಕೊಳ್ಳುವುದು ಒಂದೇ. ವಿನ್ನರ್, ತಪ್ಪು, ಡಬಲ್ ಫಾಲ್ಟ್ ಎಂದು ಗೀಟು ಎಳೆಯುವಾಗ ಪಕ್ಕದಲ್ಲೇ ಆಗಿನ ಸ್ಕೋರ್ ಬರೆಯಿರಿ. ಎರಡು ಸೆಕೆಂಡಿನ ಕೆಲಸ. 40-0ರಲ್ಲಿ ಆದ ತಪ್ಪನ್ನೂ 30-40ರಲ್ಲಿ ಆದ ತಪ್ಪನ್ನೂ ಒಂದೇ ಡಬ್ಬಿಗೆ ಹಾಕಿದರೆ ಹುಡುಗಿ ಏನನ್ನು ತಿದ್ದಿಕೊಳ್ಳಬೇಕೆಂದು ನಿಮಗೂ ತಿಳಿಯದು, ಅವಳಿಗೂ ತಿಳಿಯದು.

ಕೊನೆಯ ಸೆಟ್ 12-12 ಆದರೆ ಟೈಬ್ರೇಕ್ ಎಂಬ ನಿಯಮವನ್ನು ವಿಂಬಲ್ಡನ್ ಜಾರಿಗೆ ತಂದದ್ದು ಆ ವರ್ಷವೇ. 2018ರ ಸೆಮಿಫೈನಲ್‌ನಲ್ಲಿ ಕೆವಿನ್ ಆ್ಯಂಡರ್ಸನ್ ಮತ್ತು ಜಾನ್ ಇಸ್ನರ್ ಐದನೇ ಸೆಟ್ಟನ್ನು 26-24ರವರೆಗೆ ಎಳೆದದ್ದರ ಫಲ ಅದು. 2022ರಿಂದ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಕೊನೆಯ ಸೆಟ್ 6-6 ಆದರೆ ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಆಡಿಸುತ್ತಾರೆ. ಏಳರ ಬದಲು ಹತ್ತು ಆದರೂ ಶೇ 53ರ ಆಟಗಾರನ ಗೆಲುವಿನ ಸಾಧ್ಯತೆ ಏರುವುದು 59ರಿಂದ 60-61ಕ್ಕೆ ಅಷ್ಟೇ. 2019ರಲ್ಲೇ ಈ ನಿಯಮ ಇದ್ದಿದ್ದರೆ 8-7, 40-15 ಎಂಬ ಸ್ಕೋರ್ ಫಲಕದ ಮೇಲೆ ಬರುತ್ತಲೇ ಇರಲಿಲ್ಲ.